ಡಾಕ್ಟರ್‌ಬಾಯಿ ಹೆಸರಿನ ಪೀಠ

ಅವರ ಕೈಗಳು ಯಾವಾಗಲೂ ತಣ್ಣಗಿರುತ್ತಿದ್ದವು. ಶಹಾಪುರದ ಮೇ ತಿಂಗಳಲ್ಲಿ, ಗೋಡೆಗೆ ಬೆನ್ನು ತಾಗಿಸಿದರೆ ಚುರ್ರೆನ್ನುವಾಗಲೂ, ಆ ಬೆರಳುಗಳು ಈಗಷ್ಟೇ ಬಾವಿಯ ನೀರಿನಿಂದ ತೆಗೆದಂತಿರುತ್ತಿದ್ದವು. ಅದು ಅವರಿಗೂ ಗೊತ್ತಿತ್ತು. ರೋಗಿಯ ಕುತ್ತಿಗೆ ಮುಟ್ಟುವ ಮೊದಲು ಗಾಜಿನ ಲೋಟದಲ್ಲಿ ಚಹಾ ತರಿಸಿ, ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂಡುತ್ತಿದ್ದರು. ಕುಡಿಯುತ್ತಿರಲಿಲ್ಲ. ಕೈ ಬೆಚ್ಚಗಾದ ಮೇಲೆ ಲೋಟವನ್ನು ರೋಗಿಯ ಜತೆ ಬಂದವರಿಗೆ ಕೊಟ್ಟು, "ಕುಡೀರಿ, ನಿಮಗ ಬೇಕಾಗ್ತದ" ಎನ್ನುತ್ತಿದ್ದರು. ನನ್ನ ಸರದಿ ಬಂದ ದಿನ ಆ ಚಹಾ ಸಿಕ್ಕಿದ್ದು ನನ್ನ ಹೆಂಡತಿಗೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಬೇಕಾಗ್ತದ ಅಂದರೆ ಏನರ್ಥ ಎಂದು ಮನೆಗೆ ಬಂದ ಮೇಲೂ ಕೇಳುತ್ತಲೇ ಇದ್ದಳು.

ನಮ್ಮ ಕಡೆ ಹೆಣ್ಣು ಡಾಕ್ಟರನ್ನು ಡಾಕ್ಟರ್‌ಬಾಯಿ ಎನ್ನುತ್ತೇವೆ. ಇವರು ಬಾಯಿಯ ಕ್ಯಾನ್ಸರಿನ ಶಸ್ತ್ರವೈದ್ಯೆ. ಹಾಗಾಗಿ "ಬಾಯಿ ನೋಡೋ ಬಾಯಿ" ಎಂದು ಜನ ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದು ಅವರೂ ನಕ್ಕಿದ್ದರು. ಹುಟ್ಟಿದ್ದು ಸುರಪುರದ ರಂಗಂಪೇಟೆಯಲ್ಲಿ, ತಹಸೀಲು ಕಚೇರಿಯ ಗುಮಾಸ್ತರೊಬ್ಬರ ಮನೆಯಲ್ಲಿ. ಮುಂದೆ ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆ ಸೇರಿ ಬಹಳ ಹೆಸರು ಮಾಡಿದರು. ಅವರು ಕತ್ತರಿ ಹಿಡಿಯುವುದನ್ನು ನೋಡಿ ಕಲಿಯಲು ಬೇರೆ ರಾಜ್ಯಗಳ ಡಾಕ್ಟರರು ಬಂದು ನಿಲ್ಲುತ್ತಿದ್ದರಂತೆ. ಅಂಥವರು ತಿಂಗಳ ಮೊದಲ ಶನಿವಾರ ಮಾತ್ರ ಗುರುಮಠಕಲ್ ದಾರಿ ಹಿಡಿದು ಬಂದು, ಶಹಾಪುರದ ಬಸ್ ನಿಲ್ದಾಣದ ಹಿಂದಿನ ಹಳೆಯ ದವಾಖಾನೆಯ ಮುಂದಿನ ಕೋಣೆಯಲ್ಲಿ ಕೂತು, ಸಾಲಾಗಿ ಬಂದವರ ಬಾಯಿಗೆ ಬ್ಯಾಟರಿ ಹಿಡಿದು ನೋಡುತ್ತಿದ್ದರು.

ನಾನು ವನದುರ್ಗದ ಹತ್ತಿರದ ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಎರಡರಲ್ಲೂ ಸಲೀಸಾಗಿ ಮಾತಾಡುವವನೆಂದು ನನಗೊಂದು ಸಣ್ಣ ಜಂಬವಿತ್ತು. ಒಂದು ಪಿರಿಯಡ್ಡು ಮುಗಿದು ಇನ್ನೊಂದು ಶುರುವಾಗುವುದರೊಳಗೆ ಎಡದವಡೆಗೆ ತಂಬಾಕು ಒತ್ತಿಕೊಳ್ಳುವ ಚಟವೂ ಇತ್ತು. ನಾಲಿಗೆಯ ಎಡ ಅಂಚಿನಲ್ಲಿ ಎದ್ದ ಹುಣ್ಣು ಮೂರು ತಿಂಗಳಾದರೂ ಮಾಯಲಿಲ್ಲ. ಆಗ ಹೆಂಡತಿಯೇ ಎಳೆದುಕೊಂಡು ಹೋದಳು.

"ತಂಬಾಕು ಎಷ್ಟ್ ವರ್ಷ ಆತ್ರಿ?" ಎಂದು ಡಾಕ್ಟರ್‌ಬಾಯಿ ಕೇಳಿದರು.

"ನಾ ತಿನ್ನಂಗಿಲ್ರಿ."

ಅವರು ನನ್ನ ತುಟಿ ಸರಿಸಿ ಬೆಳಕು ಬಿಟ್ಟರು. "ನಾಲಿಗಿ ಸುಳ್ಳು ಹೇಳ್ತದ್ರಿ ಮಾಸ್ತರ್. ಒಸಡಿಗೆ ಹೇಳಾಕ ಬರಂಗಿಲ್ಲ" ಎಂದರು. ಆಮೇಲೆ ಔಷಧಿ ಚೀಟಿಯ ಹಿಂಬದಿಯಲ್ಲಿ ಒಂದು ನಾಲಿಗೆ ಬರೆದು, ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಗೀಟು ಹಾಕಿ, "ಇಷ್ಟು ತೆಗೀಬೇಕಾಗ್ತದ" ಎಂದರು.

"ಪಾಠ ಮಾಡಾಕ ಆಗ್ತದೇನ್ರಿ?"

"ಆಗ್ತದ. ಸ್ವಲ್ಪ ದಿನ ತೊದಲ್ತೀರಿ. ಆಮ್ಯಾಲ ಹುಡುಗ್ರು ಮರ್ತಬಿಡ್ತಾರ."

ಆ ಚೀಟಿಯನ್ನು ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಹೈದರಾಬಾದಿಗೆ ಹೋಗುವಾಗ ಹತ್ತು ಸಲ ತೆಗೆದು ನೋಡಿದೆ. ಉಗುರಿನಷ್ಟು. ಅಷ್ಟನ್ನು ಕೊಡಬಹುದು ಅನ್ನಿಸಿತು.

ಆಪರೇಷನ್ ಮುಗಿದು ಎಚ್ಚರವಾದಾಗ ಕುತ್ತಿಗೆಯಲ್ಲಿ ಒಂದು ನಳಿಗೆ, ಮೂಗಿನಲ್ಲಿ ಒಂದು. ನರ್ಸು ಕೈಗೆ ಸ್ಲೇಟು ಬಳಪ ಕೊಟ್ಟಿದ್ದಳು. ಮರುದಿನ ಬೆಳಿಗ್ಗೆ ಡಾಕ್ಟರ್‌ಬಾಯಿ ಒಬ್ಬರೇ ಬಂದರು. ಸಾಮಾನ್ಯವಾಗಿ ಅವರ ಹಿಂದೆ ಏಳೆಂಟು ಕಿರಿಯ ಡಾಕ್ಟರರಿರುತ್ತಿದ್ದರು. ಅವತ್ತು ಯಾರೂ ಇರಲಿಲ್ಲ. ಮಂಚದ ಅಂಚಿಗೆ ಕೂತು ಹೇಳಿದರು: "ಹೇಳಿದ್ದಕ್ಕಿಂತ ಜಾಸ್ತಿ ತಗದೀನ್ರಿ. ಎಡಗಡಿ ಅರ್ಧ ಹೋಗ್ಯಾದ. ಒಳಗ ಬೆರಳಿಗೆ ಗಟ್ಟಿ ಹತ್ತಿತು. ಬಿಡಾಕ ಧೈರ್ಯ ಆಗ್ಲಿಲ್ಲ."

ನಾನು ಸ್ಲೇಟಿನ ಮೇಲೆ ಬರೆದದ್ದು ಒಂದೇ ಪದ: ಅರ್ಧ?

"ಹೌದ್ರಿ" ಎಂದರು. ಎದ್ದು ಹೋಗಲಿಲ್ಲ. ನಾನು ಗೋಡೆಯ ಕಡೆ ಮುಖ ತಿರುಗಿಸುವ ತನಕ ಕೂತಿದ್ದರು.

ಹತ್ತನೆಯ ದಿನ ಪರೀಕ್ಷೆಯ ವರದಿ ಬಂತು. ಅದನ್ನು ಹೇಳಲು ಕಿರಿಯ ಡಾಕ್ಟರರೇ ಸಾಕಿತ್ತು. ಡಾಕ್ಟರ್‌ಬಾಯಿ ತಾವೇ ಬಂದರು, ನನ್ನ ಹೆಂಡತಿಯನ್ನೂ ಒಳಗೆ ಕರೆಸಿಕೊಂಡರು. ಮೊದಲು ಕತ್ತರಿಸಿದ ತುಣುಕಿನಲ್ಲಿ ರೋಗವಿತ್ತು, ಅದರ ಸುತ್ತಲ ಅಂಚು ಚೊಕ್ಕಟವಾಗಿತ್ತು. ಆಮೇಲೆ ತೆಗೆದ ಭಾಗದಲ್ಲಿ ಏನೂ ಇರಲಿಲ್ಲ.

"ಅಂದ್ರ?" ಎಂದು ಹೆಂಡತಿ ಕೇಳಿದಳು.

"ಅಂದ್ರ, ಎರಡನೇ ಸಲ ಕೊಯ್ದದ್ದು ಬೇಕಾಗಿರ್ಲಿಲ್ಲಮ್ಮ. ಮೊದಲ ತುಣುಕು ಲ್ಯಾಬಿಗೆ ಕಳಿಸಿ ಅರ್ಧ ತಾಸು ಕಾದಿದ್ರ ಆಗಿಂದಾಗ ಹೇಳ್ತಿದ್ರು. ನಾ ಕಾಯ್ಲಿಲ್ಲ. ನಿಮ್ಮ ಹಿಂದ ಇನ್ನೊಬ್ಬ ಹೆಣ್ಮಗಳು ಮುಂಜಾನಿಂದ ನೀರು ಸೈತ ಕುಡೀದ ಕಾಯಾಕತ್ತಿದ್ಳು. ನನ್ನ ಬೆರಳಿನ ಮ್ಯಾಲ ನನಗ ಭಾಳ ನಂಬಿಗಿ ಇತ್ತು. ತಪ್ಪಾತು."

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಸಿಟ್ಟು ಬಂತೋ ಇಲ್ಲವೋ ಅದೂ ತಿಳಿಯಲಿಲ್ಲ. ಈ ಮಾತನ್ನು ಅವರು ಹೇಳಬೇಕಾಗಿಯೇ ಇರಲಿಲ್ಲ. ಹೇಳದಿದ್ದರೆ ನಮಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ, ಕೈ ಮುಗಿದು ಮನೆಗೆ ಹೋಗುತ್ತಿದ್ದೆವು. ಹೇಳಿ ನನಗೆ ಉಪಕಾರ ಮಾಡಿದರೋ ಅಥವಾ ತಮ್ಮ ಭಾರ ನನ್ನ ಎದೆಯ ಮೇಲಿಟ್ಟು ಹಗುರಾದರೋ? ಸ್ಲೇಟು ಕೈಯಲ್ಲೇ ಇತ್ತು. ಬಳಪವನ್ನು ಅದರ ಮೇಲಿಟ್ಟು ಎರಡನ್ನೂ ಹೆಂಡತಿಯ ಕೈಗೆ ಕೊಟ್ಟೆ.

ಮನೆಗೆ ಬಂದ ಮೇಲೆ ಗೊತ್ತಾದದ್ದು, ನನ್ನ ಬಾಯಿಂದ ಳ ಹೋಗಿಬಿಟ್ಟಿದೆ. ನಾಲಿಗೆಯನ್ನು ಹಿಂದಕ್ಕೆ ಮಡಚಿ ಮೇಲಂಗುಳಕ್ಕೆ ತಾಗಿಸಿದರೆ ತಾನೆ ಆ ಅಕ್ಷರ? ಣ, ಟ, ಡ ಕೂಡ ನೆಟ್ಟಗೆ ಬರುತ್ತಿರಲಿಲ್ಲ. ಮನೆಯ ದಖನಿಯಲ್ಲಿ ಳ ಇಲ್ಲವೇ ಇಲ್ಲ, ಹಾಗಾಗಿ ಹೆಂಡತಿ ಮಗಳಿಗೆ ನನ್ನ ಮಾತು ಅರ್ಥವಾಗುತ್ತಿತ್ತು. ಶಾಲೆಗೆ ಹೋಗಿ ಮೊದಲ ದಿನ "ಮಕ್ಕಳೇ" ಅಂದೆ. "ಮಕ್ಕಲೇ" ಎಂದು ಬಂತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕ್ಲಾಸು ಎಷ್ಟು ಗಂಭೀರವಾಗಿ ಸುಮ್ಮನಾಯಿತೆಂದರೆ, ನಕ್ಕಿದ್ದರೇ ಚೆನ್ನಾಗಿತ್ತು. (ಇಲ್ಲಿ ನನ್ನ ಮಾತುಗಳನ್ನು ಸರಿಯಾಗಿಯೇ ಬರೆಯುತ್ತಿದ್ದೇನೆ. ಬಾಯಿಂದ ಅವು ಹಾಗೆ ಬರುವುದಿಲ್ಲ ಎಂದು ಓದುವವರು ತಿಳಿಯಬೇಕು.)

ತಿಂಗಳಿಗೊಮ್ಮೆ ಕುತ್ತಿಗೆ ತೋರಿಸಲು ಬರಬೇಕೆಂದು ಚೀಟಿಯಲ್ಲಿತ್ತು. ನಾನು ಹೋಗಲಿಲ್ಲ. ಎರಡು ಶನಿವಾರ ತಪ್ಪಿಸಿದೆ. ಮೂರನೆಯ ತಿಂಗಳ ಶನಿವಾರ ಸಂಜೆ ಐದರ ಹೊತ್ತಿಗೆ ನಮ್ಮ ಮನೆ ಮುಂದೆ ಕಾರು ನಿಂತಿತು. ಡಾಕ್ಟರ್‌ಬಾಯಿ ಚಪ್ಪಲಿ ಬಿಟ್ಟು ಒಳಗೆ ಬಂದು, ಹಾಸಿದ್ದ ಚಾಪೆಯ ಮೇಲೆ ಕೂತೇಬಿಟ್ಟರು. ನನ್ನ ಹೆಂಡತಿಯೊಂದಿಗೆ ದಖನಿಯಲ್ಲಿ ಅಡುಗೆ, ಮಗಳ ಶಾಲೆ ಎಲ್ಲ ಮಾತಾಡಿದರು. ಸುರಪುರದ ಓಣಿಯಲ್ಲಿ ಬೆಳೆದವರಿಗೆ ಅದು ನೀರು ಕುಡಿದಷ್ಟು ಸಲೀಸು. ಕೊನೆಗೆ ನನ್ನ ಕಡೆ ತಿರುಗಿದರು.

"ಸಿಟ್ಟು ಇದ್ರ ಇರ್ಲಿ ಮಾಸ್ತರ್. ಅದನ್ನ ಬಿಡ್ರಿ ಅಂತ ನಾ ಹೇಳಾಂಗಿಲ್ಲ. ಕುತ್ತಿಗಿ ತೋರಸ್ರಿ."

"ನಾ ಬ್ಯಾರೆ ಡಾಕ್ಟರ್ ಕಡಿ ಹೋಗ್ತೀನಿ" ಎಂದೆ.

"ಹೋಗ್ರಿ. ಒಳ್ಳೇವ್ರು ಇಬ್ರು ಅದಾರ, ಹೆಸರು ಬರಕೊಡ್ತೀನಿ. ಇವತ್ತಿಂದು ಇವತ್ತು ನೋಡಿಬಿಡ್ತೀನಿ."

ಹೆಸರು ನಿಜವಾಗಿಯೂ ಬರೆದುಕೊಟ್ಟರು. ಕುತ್ತಿಗೆಯನ್ನೂ ನೋಡಿದರು. ಆ ದಿನ ಚಹಾ ಕೇಳಿರಲಿಲ್ಲ, ಬೆರಳು ತಣ್ಣಗಿದ್ದವು. ಹೊರಡುವ ಮುಂದೆ ಬಾಗಿಲಲ್ಲಿ ನಿಂತು, "ಬೆಳ್ಳುಳ್ಳಿ ಅನ್ರಿ" ಎಂದರು. ನಾನು ಅನ್ನಲಿಲ್ಲ. "ಮುಂದಿನ ತಿಂಗಳು ಬಂದು ಅನ್ರಿ" ಎಂದು ಹೋದರು.

ಯಾಕೆ ಹೋದೆನೋ ಈಗಲೂ ಹೇಳಲಾರೆ. ಬೇರೆ ಡಾಕ್ಟರರ ಹೆಸರಿದ್ದ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಇವರ ಹತ್ತಿರವೇ ಹೋದೆ. ಮಾತು ತಿದ್ದಿಸುವವರು ನಮ್ಮ ಕಡೆ ಯಾರೂ ಇರಲಿಲ್ಲ. ಹೊರಗೆ ಅರವತ್ತು ಜನ ಕಾಯುತ್ತಿರುವಾಗ ಒಳಗೆ ಡಾಕ್ಟರ್‌ಬಾಯಿ ನನ್ನನ್ನು ಎದುರಿಗೆ ಕೂಡಿಸಿಕೊಂಡು, "ಹಳ್ಳ. ಕೊಳ್ಳ. ಬೆಳ್ಳುಳ್ಳಿ. ಇನ್ನೊಮ್ಮೆ. ಮತ್ತೊಮ್ಮೆ" ಎಂದು ಹತ್ತು ನಿಮಿಷ ಜಬರಿಸುತ್ತಿದ್ದರು. ಉಳಿದ ನಾಲಿಗೆಯನ್ನು ಬಲಗಡೆಯಿಂದ ಎತ್ತುವುದು ಹೇಗೆಂದು ತಮ್ಮ ಬಾಯಿ ತೆರೆದು ತೋರಿಸುತ್ತಿದ್ದರು. ಹೊರಗಿನ ಬೆಂಚಿನವರಿಗೆ ಕೇಳಿಸುತ್ತಿದ್ದುದು ಬೆಳ್ಳುಳ್ಳಿ ಒಂದೇ. ಒಮ್ಮೆ ಕಕ್ಕೇರಾದ ಮುದುಕಿಯೊಬ್ಬಳು ನನ್ನನ್ನು ನಿಲ್ಲಿಸಿ, "ಬೆಳ್ಳುಳ್ಳಿ ತಿಂದ್ರ ಈ ಜಡ್ಡು ಹೋಗ್ತದೇನಪ್ಪ? ಒಳಗ ಬಾಯಿಯವ್ರು ಒಂದೇ ಸವನ ಹೇಳಾಕತ್ತಾರ" ಎಂದು ಕೇಳಿದಳು. ಅದನ್ನು ಹೇಳಿದಾಗ ಡಾಕ್ಟರ್‌ಬಾಯಿ ಮೇಜಿಗೆ ತಲೆಯಿಟ್ಟು ನಕ್ಕರು. ನಾನೂ ನಕ್ಕೆ. ಆಪರೇಷನ್ ಆದ ಮೇಲೆ ಅವರೆದುರು ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ, ನಾನು ಇವರನ್ನು ಮನ್ನಿಸಿದಂತಾಯಿತೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮನೆ ಬಂತು, ಯೋಚನೆ ಮುಗಿಯಲಿಲ್ಲ.

ಳ ಪೂರ್ತಿ ಬರಲೇ ಇಲ್ಲ. ಲಕ್ಕೂ ಳಕ್ಕೂ ನಡುವಿನ ಒಂದು ಶಬ್ದ ಬಂತು. ಅಷ್ಟರಲ್ಲೇ ಪಾಠ ಮಾಡುವುದನ್ನು ರೂಢಿಸಿಕೊಂಡೆ. ರೋಗ ಮರಳಲಿಲ್ಲ. ಡಾಕ್ಟರ್‌ಬಾಯಿಯವರ ಪ್ರಕಾರ ಮೊದಲು ಕೊಯ್ದದ್ದೇ ಸಾಕಾಗಿತ್ತು. ಆದರೆ ರಾಯಚೂರಿನ ಒಬ್ಬ ಡಾಕ್ಟರರಿಗೆ ಕಾಗದಗಳನ್ನೆಲ್ಲ ತೋರಿಸಿದಾಗ ಅವರು, "ಯಾರು ಹೇಳಬೇಕ್ರಿ? ಅಷ್ಟು ತೆಗೆದದ್ದಕ್ಕೇ ನೀವು ಉಳಿದಿರಬಹುದು" ಎಂದರು. ಇಬ್ಬರೂ ತಿಳಿದವರು. ಯಾರ ಮಾತು ಹಿಡಿಯಲಿ?

ಹೀಗೆ ಏಳು ವರ್ಷ ಕಳೆಯಿತು. ಡಾಕ್ಟರ್‌ಬಾಯಿ ನಿವೃತ್ತರಾಗಿ ಸುರಪುರಕ್ಕೆ ಬಂದು ನೆಲೆಸಿದರು. ಆ ವರ್ಷ ಹೈದರಾಬಾದಿನ ಆಸ್ಪತ್ರೆಯಿಂದ ನನಗೊಂದು ಕಾಗದ ಬಂತು. ಅವರ ಹೆಸರಿನಲ್ಲಿ ಒಂದು 'ದತ್ತಿ ಪೀಠ' ಸ್ಥಾಪಿಸುತ್ತಿದ್ದಾರೆ, ಸಮಾರಂಭದಲ್ಲಿ ಗುಣವಾದ ರೋಗಿಗಳ ಪರವಾಗಿ ನಾನು ಐದು ನಿಮಿಷ ಮಾತಾಡಬೇಕು ಎಂದಿತ್ತು.

ಶಾಲೆಯಲ್ಲಿ ಕಾಗದ ತೋರಿಸಿದೆ. ಗಣಿತದ ಮಾಸ್ತರರು ಓದಿ, "ಪೀಠ ಅಂದ್ರ ಮಠದ್ದೇನ್ರಿ? ಡಾಕ್ಟರ್‌ಬಾಯಿ ಸನ್ಯಾಸ ತಗೊಂಡ್ರೇನು?" ಎಂದರು. ಮನೆಯಲ್ಲಿ ಹೆಂಡತಿ, "ಕುರ್ಸಿ ಕು ನಾಮ್ ರಖತೈಂ ಕತೆ ಕ್ಯಾ?" ಎಂದಳು. ಕುರ್ಚಿಗೆ ಹೆಸರಿಡುತ್ತಾರಂತೆಯೇ ಎಂದು ಅವಳ ಪ್ರಶ್ನೆ. ನನಗೂ ಪೂರ್ತಿ ತಿಳಿದಿರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದೆ. ಹಳೆಯ ರೋಗಿಗಳು, ಶಿಷ್ಯರು ಸೇರಿ ಕೂಡಿಸಿದ ಒಂದು ನಿಧಿಯಿಂದ ಆಸ್ಪತ್ರೆಯಲ್ಲಿ ಒಬ್ಬ ಶಸ್ತ್ರವೈದ್ಯರ ಹುದ್ದೆ ಕಾಯಮ್ಮಾಗಿ ನಡೆಯುತ್ತದೆ, ಆ ಹುದ್ದೆಗೆ ಇವರ ಹೆಸರು. ಇವರು ಹೋದ ಮೇಲೂ ಆ ಹೆಸರಿನಡಿ ಒಬ್ಬರು ಕೂತು ರೋಗಿಗಳನ್ನು ನೋಡುತ್ತಲೇ ಇರುತ್ತಾರೆ.

ಪೀಠದ ಅರ್ಥ ತಿಳಿಯಿತು. ನಾನು ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಹೊಗಳಿ ಬಂದರೆ ನನ್ನ ಅರ್ಧ ನಾಲಿಗೆಗೆ ಮೋಸ. ನಡೆದದ್ದನ್ನು ಹೇಳಿದರೆ, ನನ್ನನ್ನು ಬದುಕಿಸಿದವರ ಹೆಸರಿಗೆ ಅವರ ಹಬ್ಬದ ದಿನವೇ ಮಸಿ. ಒಂದು ಭಾನುವಾರ ಸುರಪುರದ ಬಸ್ಸು ಹತ್ತಿದೆ.

ರಂಗಂಪೇಟೆಯ ಮನೆಯ ಪಡಸಾಲೆಯಲ್ಲಿ ಅವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಬಹಳ ಸೊರಗಿದ್ದರು. ಹೃದಯದ ತೊಂದರೆ ಇದೆಯೆಂದೂ, ಮೆಟ್ಟಿಲು ಹತ್ತಲಾಗುವುದಿಲ್ಲವೆಂದೂ ಅವರೇ ಹೇಳಿದರು. ಪೀಠದ ಮಾತೆತ್ತಿದಾಗ, 'ನನ್ನ ಹೆಸರೆಲ್ಲ ಯಾಕೆ ಬೇಕಿತ್ತು' ಎಂದು ಎಲ್ಲರಂತೆ ಅವರೂ ಅನ್ನಬಹುದು ಎಂದುಕೊಂಡಿದ್ದೆ.

"ನನಗ ಭಾಳ ಖುಷಿ ಆಗ್ಯಾದ್ರಿ ಮಾಸ್ತರ್. ಸುಳ್ಳು ಯಾಕ ಹೇಳ್ಲಿ" ಎಂದರು. "ಮಾತಾಡಾಕ ನಿಮ್ಮನ್ನ ಕರೀರಿ ಅಂತ ಹೇಳಿದಾಕಿನೂ ನಾನೇ."

"ನಾನೇ ಯಾಕ್ರಿ? ನಿಮ್ಮ ಕೈಯಾಗ ಎಷ್ಟು ಮಂದಿ ಗುಣ ಆಗ್ಯಾರ."

ಅವರು ಬೀಜ ಬಿಡಿಸುತ್ತಲೇ ಇದ್ದರು.

ನಾನೇ ಕೇಳಿದೆ. "ಆ ಮಾತು ಹೇಳ್ಲೇನ್ರಿ ಅಲ್ಲಿ?"

"ಅದು ನಿಮ್ಮದು. ನಾ ಹೇಳ್ರಿ ಅನ್ನಂಗಿಲ್ಲ, ಬ್ಯಾಡನೂ ಅನ್ನಂಗಿಲ್ಲ." ಬಿಡಿಸಿದ ಬೀಜಗಳನ್ನು ಪಕ್ಕಕ್ಕೆ ಸರಿಸಿ ಹೇಳಿದರು: "ಹೇಳೂದಾದ್ರ ಪೂರ್ತಿ ಹೇಳ್ರಿ. ಆವತ್ತು ನಿಮ್ಮ ಹಿಂದ ಕಾಯಾಕತ್ತಿದ್ದ ಹೆಣ್ಮಗಳು ಉಳೀಲಿಲ್ಲ. ಆರು ತಿಂಗಳಿಗೆ ಹೋದ್ಳು. ಆಕಿ ಸಲುವಾಗಿ ಅವಸರ ಮಾಡಿದ್ದೆ."

ಏಳು ವರ್ಷ ನಾನು ಆ ಹೆಣ್ಣುಮಗಳನ್ನು ಮನಸ್ಸಿನಲ್ಲಿ ಎಷ್ಟು ಸಲ ಬೈದಿದ್ದೆನೋ. ನನ್ನ ಅರ್ಧ ತಾಸನ್ನು ಕಸಿದುಕೊಂಡವಳು, ಎಲ್ಲೋ ಸುಖವಾಗಿ ಮಾತಾಡಿಕೊಂಡಿರುವವಳು ಎಂದು. ಈಗ ಬೈಯಲು ಯಾರೂ ಉಳಿಯಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಊರು ಕೇಳಿದರೆ ಸುರಪುರ ಎಂದೆ. "ಸುರಪುರದಾಗ ಹತ್ತಿ ಸುರಪುರಕ್ಕ ಹೊಂಟೀರೇನ್ರಿ?" ಎಂದು ಅವನು ನಕ್ಕ.

ಸಮಾರಂಭದ ಸಭಾಂಗಣ ತುಂಬಿತ್ತು. ಡಾಕ್ಟರ್‌ಬಾಯಿ ಮುಂದಿನ ಸಾಲಿನಲ್ಲಿ ತಿಳಿನೀಲಿ ಸೀರೆಯುಟ್ಟು ಕೂತಿದ್ದರು. ಅವರ ಪಕ್ಕದಲ್ಲಿ ಆ ಪೀಠಕ್ಕೆ ಮೊದಲು ನೇಮಕವಾದ ಸೈದಾಪುರದ ಕಡೆಯ ಕಿರಿಯ ಡಾಕ್ಟರು. ನನ್ನ ಜೇಬಿನಲ್ಲಿ ಎರಡು ಕಾಗದಗಳಿದ್ದವು. ಒಂದರಲ್ಲಿ ಹೊಗಳಿಕೆ, ಇನ್ನೊಂದರಲ್ಲಿ ನಡೆದದ್ದು. ಮೈಕಿನ ಮುಂದೆ ನಿಂತಾಗ ಎರಡನ್ನೂ ತೆಗೆಯಲಿಲ್ಲ. ನನ್ನ ಕನ್ನಡದಲ್ಲಿ ಶುರು ಮಾಡಿದೆ. ಉಗುರಿನಷ್ಟು ಜಾಗಕ್ಕೆ ಗೀಟು ಹಾಕಿದ ಚೀಟಿ, ಅರ್ಧ ಹೋದ ನಾಲಿಗೆ, ಕಾಯದೆ ಬಿಟ್ಟ ಅರ್ಧ ತಾಸು, ಬಂದು ಹೇಳಿದ ತಪ್ಪು, ಆರು ತಿಂಗಳಿಗೆ ತೀರಿಕೊಂಡ ಹೆಣ್ಣುಮಗಳು, ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂದು, ಮೊದಲೇ ಸೊಟ್ಟ ಮಾತು ಇನ್ನೂ ಸೊಟ್ಟಾಯಿತು.

ಮುಗಿಸಿದೆ. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಸ್ಪತ್ರೆಯ ಮುಖ್ಯಸ್ಥರು ಬಂದು ಅಪ್ಪಿಕೊಂಡರು. ಕಣ್ಣೊರೆಸಿಕೊಳ್ಳುತ್ತಾ, ಇಷ್ಟು ಸುಂದರವಾದ ಕೃತಜ್ಞತೆಯ ಮಾತು ಕೇಳಿರಲಿಲ್ಲ ಎಂದು ಹಿಂದಿಯಲ್ಲಿ ಹೇಳಿದರು. ಆಗ ನನಗೆ ಹೊಳೆಯಿತು. ಅಲ್ಲಿದ್ದವರಲ್ಲಿ ಮುಕ್ಕಾಲು ಮಂದಿ ತೆಲುಗಿನವರು, ಉರ್ದುವಿನವರು. ಉಳಿದ ಕೆಲವರಿಗೆ ನನ್ನ ಉಚ್ಚಾರ ಹತ್ತಲಿಲ್ಲ. ರೋಗ ಗೆದ್ದವನೊಬ್ಬ ಅಳುತ್ತಾ ಮಾತಾಡಿದ್ದು ಅವರಿಗೆ ಕಂಡಿತ್ತು, ಅಷ್ಟೆ.

ಡಾಕ್ಟರ್‌ಬಾಯಿ ಮಾತ್ರ ಎದ್ದಿರಲಿಲ್ಲ. ಊಟದ ಹೊತ್ತಿಗೆ ನಿಧಾನವಾಗಿ ನಡೆದು ಬಂದರು. "ಎಲ್ಲಾ ಹೇಳಿದ್ರಿ" ಎಂದರು.

"ಯಾರಿಗೂ ತಿಳೀಲಿಲ್ರಿ."

"ಇಂವಗ ತಿಳಿದದ" ಎಂದು ಪಕ್ಕದಲ್ಲಿ ನಿಂತಿದ್ದ ಸೈದಾಪುರದ ಡಾಕ್ಟರನ್ನು ತೋರಿಸಿದರು. ಅವನ ಮುಖ ಬಿಳಿಚಿಕೊಂಡಿತ್ತು. ಡಾಕ್ಟರ್‌ಬಾಯಿ ಅವನ ತಟ್ಟೆಗೆ ತಾವೇ ಒಂದು ಸೌಟು ಅನ್ನ ಹಾಕಿ, "ಉಣ್ಣಪ್ಪ" ಎಂದರು. ಅವರಿಗೆ ಸಮಾಧಾನವಾಗಿತ್ತೋ, ನೋವಾಗಿತ್ತೋ, ಆ ಮುಖದಿಂದ ನನಗೆ ತಿಳಿಯಲಿಲ್ಲ. ಕೇಳಬೇಕೆಂದುಕೊಂಡೆ. ಯಾರೋ ಫೋಟೋಕ್ಕೆ ಕರೆದರು.

ಮತ್ತೆ ಕೇಳುವ ಸಂದರ್ಭ ಬರಲಿಲ್ಲ. ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಡಾಕ್ಟರ್‌ಬಾಯಿ ಏಳಲಿಲ್ಲ. ಸುದ್ದಿ ತಿಳಿದು ನಾನೂ ಹೆಂಡತಿಯೂ ಸುರಪುರಕ್ಕೆ ಹೋದೆವು. ಓಣಿಯ ತುಂಬ ಜನ. ಒಬ್ಬರ ದವಡೆ ಸೊಟ್ಟ, ಒಬ್ಬರ ಕೆನ್ನೆಗೆ ತೊಡೆಯ ಚರ್ಮ, ಒಬ್ಬರ ಗಂಟಲಲ್ಲಿ ತೂತು. ಮಾತಾಡಲು ಬರುವವರು ಕಡಿಮೆ. ಅಷ್ಟು ಜನ ಸೇರಿಯೂ ಅಷ್ಟು ಸದ್ದಿಲ್ಲದ ಸಾವಿನ ಮನೆಯನ್ನು ನಾನು ನೋಡಿಲ್ಲ. ಹೆಂಡತಿ ಗಟ್ಟಿಯಾಗಿ ಅತ್ತಳು. ನನಗೆ ಅಳು ಬರಲಿಲ್ಲ. ಯಾವ ಅಳು ಅಳಬೇಕೆಂದು ತೀರ್ಮಾನವಾಗಿರಲಿಲ್ಲ.

ಎರಡು ತಿಂಗಳ ಮೇಲೆ ಸೈದಾಪುರದ ಡಾಕ್ಟರು ಫೋನು ಮಾಡಿದ. ಶಹಾಪುರದ ಶನಿವಾರಗಳನ್ನು ಅವನು ಬಿಟ್ಟಿರಲಿಲ್ಲ. "ಸರ, ನೀವು ಬಂದು ಸ್ವಲ್ಪ ಕುಂದರ್ರಿ. ಆಪರೇಷನ್ ಅಂದ್ರ ಮಂದಿ ಓಡಿಹೋಗಾಕತ್ತಾರ. ನಿಮ್ಮನ್ನ ನೋಡಿದ್ರ ನಿಲ್ತಾರ" ಎಂದ. ಹೋದೆ. ಆ ದಿನ ಕಕ್ಕೇರಾದ ಹತ್ತಿರದ ಒಬ್ಬ ಬಂದಿದ್ದ, ನದಿಯಲ್ಲಿ ಬಲೆ ಬೀಸುವವನು, ನಲವತ್ತರ ಆಸುಪಾಸು. ಅವನು ತಲೆ ಎತ್ತುತ್ತಿರಲಿಲ್ಲ. ಡಾಕ್ಟರು ಎಷ್ಟು ತೆಗೆಯಬೇಕೆಂದು ಹೇಳಿ ಮುಗಿಸಿದ ಮೇಲೆ, ಅವನ ಜತೆ ಬಂದಿದ್ದ ಹೆಂಡತಿ ನನ್ನ ಕಡೆ ತಿರುಗಿದಳು.

"ನೀವರ ಹೇಳ್ರಿ ಅಣ್ಣಾರ. ಹೇಳಿದ್ದಕ್ಕಿಂತ ಜಾಸ್ತಿ ಕೊಯ್ಯಂಗಿಲ್ಲಲ್ರಿ?"

ಡಾಕ್ಟರು ನನ್ನ ಮುಖ ನೋಡಿದ. ಕೊಯ್ಯುವುದಿಲ್ಲ ಎಂದರೆ ಸುಳ್ಳು. ಕೊಯ್ಯುತ್ತಾರೆ ಎಂದರೆ ಗಂಡನನ್ನು ಕರೆದುಕೊಂಡು ಎದ್ದುಹೋಗುತ್ತಾಳೆ.

"ಕೊಯ್ದರೂ ಕೊಯ್ಯಬಹುದು ತಂಗಿ" ಎಂದೆ. "ನನಗ ಜಾಸ್ತಿ ಕೊಯ್ದಾರ. ಅದು ಬೇಕಿತ್ತೋ ಬ್ಯಾಡಾಗಿತ್ತೋ ನನಗ ಗೊತ್ತಿಲ್ಲ. ಕೊಯ್ದಾಕಿ ಬಂದು ಬಾಯಿ ಬಿಟ್ಟು ಹೇಳಿದ್ಳು. ನಾ ಎಂಟು ವರ್ಷದಿಂದ ಬದಕೀನಿ."

ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಸೆರಗು ಸರಿಮಾಡಿಕೊಂಡು, ಗಂಡನ ಮೊಳಕೈ ಹಿಡಿದು ಎಬ್ಬಿಸಿ, ಡಾಕ್ಟರನ್ನು ಕೇಳಿದಳು: "ಯಾವತ್ತು ಬರಬೇಕ್ರಿ?"

ನನ್ನ ಯಾವ ಮಾತು ಅವಳನ್ನು ಒಪ್ಪಿಸಿತೋ ಇವತ್ತಿಗೂ ಗೊತ್ತಿಲ್ಲ. ಒಪ್ಪಿಸಿ ಒಳ್ಳೆಯದು ಮಾಡಿದೆನೋ ಅದೂ ಗೊತ್ತಿಲ್ಲ. ಡಾಕ್ಟರ್‌ಬಾಯಿಯವರ ಬಗ್ಗೆ ಯಾರಾದರೂ ಕೇಳಿದರೆ ಒಳ್ಳೆಯವರು ಎನ್ನುತ್ತೇನೆ, ಅಷ್ಟಕ್ಕೇ ನಿಲ್ಲಿಸಲಾಗದೆ ಪೂರ್ತಿ ಕಥೆಗೆ ಇಳಿಯುತ್ತೇನೆ. ಕೇಳಿದವರು ಗಡಿಯಾರ ನೋಡಿಕೊಳ್ಳುತ್ತಾರೆ. ತಿಂಗಳ ಮೊದಲ ಶನಿವಾರ ಮಾತ್ರ ಶಾಲೆ ಮುಗಿಸಿ ನೆಟ್ಟಗೆ ಆ ದವಾಖಾನೆಗೆ ಹೋಗುತ್ತೇನೆ. ಬಾಗಿಲ ಪಕ್ಕದ ಬೆಂಚಿನಲ್ಲಿ ನನಗೆಂದು ಯಾರೂ ಜಾಗ ಇಟ್ಟಿರುವುದಿಲ್ಲ. ಹೆದರಿ ಕೂತವರು ಯಾರು ಎಂದು ನೋಡಿ, ಅವರ ಪಕ್ಕ ಸ್ವಲ್ಪ ಜಾಗ ಮಾಡಿಕೊಂಡು ಕೂಡುತ್ತೇನೆ.